ಕರ್ವ್ ಆರಿಸೋಕ್ಕೆ ಮುಂಚೆ ನಿಮ್ಮ ಬ್ಲೇಡಿನ ಟೇಪ್ ನೋಡ್ಕೊಳ್ಳಿ

ನನ್ನ ಹತ್ರ ಐಸ್ ಹಾಕಿ ಕಲಿಯೋಕೆ ಬರೋ ಹುಡುಗ ಒಬ್ಬ, 14 ವರ್ಷ, ಹೊಸ ಸ್ಟಿಕ್ ತಗೊಂಡು ಮೂರು ವಾರ ಆಗಿತ್ತು. ಹೊಡೆದಿದ್ದೆಲ್ಲ ಗೋಲಿನ ಮೇಲಿನ ಕಂಬಿ ದಾಟಿ ಹಿಂದಿನ ಗಾಜಿಗೆ ಹೋಗಿ ಬಡೀತಿತ್ತು. "ಕೋಚ್, ಈ ಕರ್ವ್ ನನಗೆ ಆಗ್ತಿಲ್ಲ, ಬೇರೆ ತಗೋತೀನಿ" ಅಂದ. ನಾನು ಕರ್ವ್, ಅಂದ್ರೆ ಸ್ಟಿಕ್ಕಿನ ತುದೀಲಿರೋ ಚಪ್ಪಟೆ ಬ್ಲೇಡಿನ ಬಾಗು, ನೋಡ್ಲೇ ಇಲ್ಲ, ಸ್ಟಿಕ್ ತಿರುಗಿಸಿ ಬ್ಲೇಡಿನ ತಳದಲ್ಲಿರೋ ಟೇಪ್ ನೋಡಿದೆ. ಹೀಲ್ ಕಡೆ, ಅಂದ್ರೆ ಕೈಲಿ ಹಿಡಿಯೋ ಉದ್ದನೆ ಶಾಫ್ಟ್ ಬಂದು ಬ್ಲೇಡಿಗೆ ಸೇರೋ ಮೂಲೇಲಿ, ಟೇಪ್ ಸವೆದು ಎಳೆ ಎಳೆ ಬಿಟ್ಟಿತ್ತು, ಮುಂದಿನ ಟೋ ಕಡೆ ಮೂರು ಬೆರಳಗಲ ಟೇಪ್ ಆವತ್ತೇ ಸುತ್ತಿದ ಹಾಗಿತ್ತು. ಅಂದ್ರೆ ಅವನ ಬ್ಲೇಡು ಮೂರು ವಾರದಲ್ಲಿ ಒಂದು ದಿನವೂ ಐಸ್ ಮೇಲೆ ಸರಿಯಾಗಿ ಕೂತೇ ಇಲ್ಲ, ಮೂತಿ ಯಾವಾಗಲೂ ಮೇಲೆ ಎದ್ದೇ ಇತ್ತು, ಅಂಥಾ ಬ್ಲೇಡಿಗೆ ಜಗತ್ತಿನ ಯಾವ ಕರ್ವ್ ಹಾಕಿದ್ರೂ ಅಷ್ಟೇ.

ಕರ್ವ್ ಬಗ್ಗೆ ಕೇಳೋರಿಗೆ ನಾನು ಲೈ ಬಗ್ಗೆ ಮೊದಲು ಹೇಳೋದು ಇದಕ್ಕೇ. ಇದು ಐಸ್ ಹಾಕಿ ವಿಷ್ಯ ಅಂತ ಮೊದಲೇ ಹೇಳಿಬಿಡ್ತೀನಿ, ಯಾಕಂದ್ರೆ ಮೈದಾನದ ಹಾಕೀಲೂ ಸ್ಟಿಕ್ ಬಾಗಿರುತ್ತೆ, ಆದ್ರೆ ಅಲ್ಲಿ ಬಾಗೋದು ಸ್ಟಿಕ್ಕಿನ ಉದ್ದಕ್ಕೆ, ಅದಕ್ಕೆ ಬೋ ಅಂತಾರೆ, 25 ಮಿಲಿಮೀಟರ್ ಮೀರೋ ಹಾಗಿಲ್ಲ, ಮತ್ತೆ ಒಂದೇ ಮುಖದಲ್ಲಿ ಆಡಬೇಕು. ಇಲ್ಲಿ ಬಾಗೋದು ತುದೀಲಿರೋ ಬ್ಲೇಡು, ಆಡೋದು ಎರಡೂ ಮುಖದಲ್ಲಿ. ಈ ಎರಡನೇ ಮುಖದ ವಿಷ್ಯ ಎಲ್ಲರೂ ಮರೀತಾರೆ, ಅದಕ್ಕೆ ಆಮೇಲೆ ಬರ್ತೀನಿ.

ಲೈ ಅಂದ್ರೆ ಶಾಫ್ಟಿಗೂ ಬ್ಲೇಡಿಗೂ ಮಧ್ಯೆ ಇರೋ ಕೋನ. ಅದನ್ನ ಡಿಗ್ರೀಲಿ ಬರೆಯಲ್ಲ, ನಂಬರಲ್ಲಿ ಬರೀತಾರೆ. ಲೈ 5 ಅಂದ್ರೆ ಸುಮಾರು 135 ಡಿಗ್ರಿ, ನಂಬರ್ ಒಂದು ಜಾಸ್ತಿ ಆದ ಹಾಗೆ ಕೋನ ಎರಡು ಡಿಗ್ರಿ ಹತ್ತಿರ ಕಮ್ಮಿ ಆಗ್ತಾ ಹೋಗುತ್ತೆ, ಅಂದ್ರೆ ಶಾಫ್ಟ್ ಇನ್ನಷ್ಟು ನೆಟ್ಟಗೆ ನಿಲ್ಲುತ್ತೆ. ಆಟಗಾರರ ಸ್ಟಿಕ್ ಸಾಮಾನ್ಯವಾಗಿ 5ರಿಂದ 7ರ ಒಳಗೆ ಇರುತ್ತೆ, ಗೋಲ್‌ಕೀಪರ್ ಸ್ಟಿಕ್ಕು 11ರಿಂದ 15, ಅದು ಬೇರೆ ಲೋಕ. ಮಂಡಿ ಚೆನ್ನಾಗಿ ಬಗ್ಗಿಸಿ ಕೈ ಕೆಳಗಿಟ್ಟು ಪಕ್ಕನ್ನ (ಚೆಂಡಿನ ಬದಲು ಇಲ್ಲಿ ಆಡೋ ರಬ್ಬರ್ ಬಿಲ್ಲೆ) ಮೈಯಿಂದ ದೂರ ಇಟ್ಕೊಂಡು ಆಡೋನಿಗೆ ಕಮ್ಮಿ ನಂಬರ್, ನೆಟ್ಟಗೆ ನಿಂತು ಪಕ್ಕನ್ನ ಕಾಲ ಹತ್ರ ಇಟ್ಕೊಳೋನಿಗೆ ಜಾಸ್ತಿ ನಂಬರ್. ನಮ್ಮ ಹುಡುಗನಿಗೆ ಹೀಲ್ ಸವೀತಿತ್ತು ಅಂದ್ರೆ ಅವನು ಬಗ್ಗಿ ಆಡೋ ರೀತಿಗೆ ಆ ಲೈ ಜಾಸ್ತಿ ಆಗಿತ್ತು, ಇಲ್ಲಾಂದ್ರೆ ಸ್ಟಿಕ್ ಉದ್ದ ಆಗಿತ್ತು. ಅವನದ್ದು ಎರಡೂ. ಬೆಳೆಯೋ ಹುಡುಗ ಅಂತ ಮನೇಲಿ ಎರಡು ಇಂಚು ಉದ್ದನೆ ಕೊಡಿಸಿದ್ರು. ಇದಕ್ಕೆ ತದ್ವಿರುದ್ಧ ಟೋ ಕಡೆ ಸವೀತಾ ಇದ್ರೆ ಲೈ ಕಮ್ಮಿ ಆಗಿದೆ ಅಥವಾ ಸ್ಟಿಕ್ಕನ್ನ ಜಾಸ್ತಿ ಕತ್ತರಿಸಿಬಿಟ್ಟಿದೀರ. ಮಧ್ಯದಲ್ಲಿ ಸವೀತಾ ಇದ್ರೆ ಬದುಕಿದ್ರಿ, ಈಗ ಕರ್ವ್ ಮಾತಾಡೋಣ.

ಈ ಕರ್ವ್ ಅನ್ನೋದು ಹಾಕಿ ಹುಟ್ಟಿದಾಗಿಂದ ಇದ್ದಿದ್ದಲ್ಲ. ಮೊದಲು ಬ್ಲೇಡು ಮರದ್ದು, ನೇರ, ಎರಡೂ ಕಡೆ ಒಂದೇ ಥರ. ಗಾರ್ಡಿ ಹೋವ್ ಅಂಥಾ ಹಳೇ ಕಾಲದ ದೊಡ್ಡ ಆಟಗಾರರು ಕೈ ಬದಲಾಯಿಸಿ ಎಡಕ್ಕೂ ಬಲಕ್ಕೂ ಹೊಡೀತಿದ್ರು ಅಂದ್ರೆ ಅದು ನೇರ ಬ್ಲೇಡಲ್ಲಿ ಮಾತ್ರ ಆಗೋ ಕೆಲಸ. 1960ರ ದಶಕದ ಶುರೂಲಿ ಶಿಕಾಗೋ ಬ್ಲ್ಯಾಕ್ ಹಾಕ್ಸ್ ತಂಡದ ಸ್ಟ್ಯಾನ್ ಮಿಕಿಟಾ ಪ್ರಾಕ್ಟೀಸಲ್ಲಿದ್ದಾಗ ಬ್ಲೇಡ್ ಸೀಳಿ ಬಾಗಿ ಹೋಯ್ತು, ಹೊಸದು ತರೋಕೆ ಮೊದಲು ಸಿಟ್ಟಲ್ಲಿ ಅದರಲ್ಲೇ ಹೊಡೆದ, ಪಕ್ ಹೋದ ರೀತಿ, ಬೋರ್ಡಿಗೆ ಬಡಿದ ಸದ್ದು ಎರಡೂ ಬೇರೆ ಥರ ಇತ್ತು ಅಂತ ಅವನೇ ಹೇಳ್ಕೊಂಡಿದ್ದಾನೆ. ಆಮೇಲೆ ಅವನೂ ಅದೇ ತಂಡದ ಬಾಬಿ ಹಲ್ಲೂ ಬ್ಲೇಡನ್ನ ಬಿಸಿನೀರಲ್ಲಿ ನೆನೆಸಿ ಬಾಗಿಲ ಸಂದೀಲಿ ಸಿಕ್ಕಿಸಿ ಬಾಗಿಸೋಕೆ ಶುರು ಮಾಡಿದ್ರು. ಅವರಿಗಿಂತ ಮುಂಚೆ ತಾನೇ ಮಾಡಿದ್ದು ಅಂತ ಆಂಡಿ ಬ್ಯಾತ್‌ಗೇಟ್ ಅನ್ನೋ ಇನ್ನೊಬ್ಬ ಆಟಗಾರ ಹೇಳ್ತಿದ್ದ, ಆ ಜಗಳಕ್ಕೆ ನಾನು ಹೋಗಲ್ಲ. ಹಲ್ ಹೊಡೆತಕ್ಕೆ ಪಕ್ ಗಾಳೀಲಿ ಮುಳುಗಿ ಏಳ್ತಾ ಬರ್ತಿತ್ತು, ಆಗಿನ ಗೋಲಿಗಳಲ್ಲಿ, ಅಂದ್ರೆ ಗೋಲ್‌ಕೀಪರ್‌ಗಳಲ್ಲಿ, ಎಷ್ಟೋ ಜನಕ್ಕೆ ಮುಖಕ್ಕೆ ಮಾಸ್ಕೇ ಇರ್ಲಿಲ್ಲ ಅನ್ನೋದು ನೆನಪಿಟ್ಕೊಂಡು ಇದನ್ನ ಓದಿ.

ಇವರೆಲ್ಲ ಆಡ್ತಿದ್ದ ಉತ್ತರ ಅಮೆರಿಕದ ದೊಡ್ಡ ಲೀಗ್ ಎನ್‌ಎಚ್‌ಎಲ್ ಸುಮ್ನೆ ಇರುತ್ತಾ, ಮಿತಿ ತಂತು. ಮೊದಲು ಒಂದೂವರೆ ಇಂಚು, ಆಮೇಲೆ ಒಂದು, 1970ಕ್ಕೆ ಅರ್ಧ ಇಂಚು. ಆ ಅರ್ಧ ಇಂಚು ಮೂವತ್ತಕ್ಕೂ ಜಾಸ್ತಿ ವರ್ಷ ನಿಂತು 2006ರಲ್ಲಿ ಮುಕ್ಕಾಲು ಇಂಚಾಯ್ತು, ಎನ್‌ಎಚ್‌ಎಲ್‌ನಲ್ಲಿ ಈಗಲೂ ಅಷ್ಟೇ. ಅಳೆಯೋದು ಹೇಗೆ ಅಂದ್ರೆ ಹೀಲಿಂದ ಟೋ ತುದಿಗೆ ಒಂದು ನೇರ ಗೆರೆ ಎಳೀರಿ, ಆ ಗೆರೆಯಿಂದ ಬ್ಲೇಡು ಜಾಸ್ತಿ ಆಳಕ್ಕೆ ಹೋಗಿರೋ ಜಾಗಕ್ಕೆ ಎಷ್ಟು ದೂರ ಅಂತ ನೋಡಿ, ಅದೇ ಕರ್ವಿನ ಆಳ. ಮನೇಲಿ ಒಂದು ಸ್ಕೇಲ್ ಇಟ್ಟು ನೀವೇ ಅಳೀಬಹುದು.

ಈ ಒಂದು ಚೂರು ಅಳತೆ ಎಂಥಾ ಕೆಲಸ ಮಾಡುತ್ತೆ ಅನ್ನೋಕೆ 1993ರ ಸ್ಟ್ಯಾನ್ಲಿ ಕಪ್, ಅಂದ್ರೆ ಎನ್‌ಎಚ್‌ಎಲ್ ಕಪ್ಪಿನ, ಫೈನಲ್ ಸಾಕು. ಲಾಸ್ ಏಂಜಲೀಸ್ ಕಿಂಗ್ಸ್ ಮೊದಲನೇ ಮ್ಯಾಚ್ ಗೆದ್ದಿತ್ತು, ಎರಡನೇದರಲ್ಲೂ 2-1 ಮುಂದಿತ್ತು, ಎರಡು ನಿಮಿಷಕ್ಕಿಂತ ಕಮ್ಮಿ ಟೈಮ್ ಉಳಿದಿತ್ತು. ಮಾಂಟ್ರಿಯಲ್ ಕೋಚ್ ಜಾಕ್ ಡೆಮರ್ಸ್, ಮಾರ್ಟಿ ಮೆಕ್‌ಸೋರ್ಲಿ ಸ್ಟಿಕ್ ಅಳೀರಿ ಅಂದ. ಅಳೆದ್ರು, ಕರ್ವ್ ಮಿತಿ ಮೀರಿತ್ತು, ಎರಡು ನಿಮಿಷ ಪೆನಾಲ್ಟಿ, ಅಂದ್ರೆ ಅಷ್ಟು ಹೊತ್ತು ಅವನು ಹೊರಗೆ, ಕಿಂಗ್ಸ್‌ಗೆ ಒಬ್ಬ ಕಮ್ಮಿ. ಡೆಮರ್ಸ್ ಗೋಲಿಯನ್ನೂ ಎತ್ತಿ ಇನ್ನೊಬ್ಬ ಆಟಗಾರನ್ನ ಇಳಿಸಿದ, ಎರಿಕ್ ಡೆಜಾರ್ಡಿನ್ ಸಮ ಮಾಡಿದ, ಓವರ್‌ಟೈಮಲ್ಲಿ ಮತ್ತೆ ಅವನೇ ಹೊಡೆದು ಗೆಲ್ಲಿಸಿದ. ಸರಣಿ ಐದು ಮ್ಯಾಚಿಗೆ ಮುಗೀತು, ಕಪ್ ಮಾಂಟ್ರಿಯಲ್‌ಗೆ ಹೋಯ್ತು. ನನ್ನನ್ನ ಕೇಳಿದ್ರೆ ಇದರಲ್ಲಿ ತಮಾಷೆ ಏನು ಅಂದ್ರೆ ಮೆಕ್‌ಸೋರ್ಲಿ ಡಿಫೆನ್ಸ್‌ಮನ್ನು, ಗೋಲು ಹೊಡೆದು ಹೆಸರು ಮಾಡಿದೋನೇ ಅಲ್ಲ.

ಇನ್ನು ಕರ್ವ್ ಆರಿಸೋದು. ಅಂಗಡೀಲಿ ಗೋಡೆ ತುಂಬ ಸ್ಟಿಕ್ ನೇತಾಕಿ ಪಿ92, ಪಿ88, ಪಿ28 ಅಂತ ಬರೆದಿರ್ತಾರೆ, ಓದೋಕೆ ಬಸ್ ನಂಬರ್ ಥರ ಇರುತ್ತೆ. ಆ ನಂಬರ್ ಮರೆತು ಮೂರು ಪ್ರಶ್ನೆ ಕೇಳ್ಕೊಳ್ಳಿ ಸಾಕು, ಬಾಗು ಎಲ್ಲಿ ಶುರು ಆಗುತ್ತೆ, ಎಷ್ಟು ಆಳ ಇದೆ, ಮುಖ ಎಷ್ಟು ಆಕಾಶ ನೋಡ್ತಿದೆ.

ಬಾಗು ಎಲ್ಲಿದೆ ಅನ್ನೋದು ಪಕ್ ಬ್ಲೇಡನ್ನ ಎಲ್ಲಿಂದ ಬಿಟ್ಟು ಹೋಗುತ್ತೆ ಅನ್ನೋದನ್ನ ತೀರ್ಮಾನ ಮಾಡುತ್ತೆ. ಪಕ್ಕು ಒಂದು ಇಂಚು ದಪ್ಪ, ಮೂರು ಇಂಚು ಅಗಲದ ಗಟ್ಟಿ ರಬ್ಬರ್, ಮಣಿಕಟ್ಟಿಂದ ಹೊಡೆಯೋ ರಿಸ್ಟ್ ಶಾಟಲ್ಲಿ ಅದು ಹೀಲ್ ಹತ್ರ ಶುರುವಾಗಿ ಬ್ಲೇಡ್ ಉದ್ದಕ್ಕೂ ಉರುಳ್ಕೊಂಡು ಟೋ ಕಡೆ ಬರುತ್ತೆ, ಹಾಗೆ ಉರುಳುವಾಗಲೇ ಅದಕ್ಕೆ ಸುತ್ತು ಸಿಗೋದು, ಸುತ್ತು ಇದ್ರೆ ಪಕ್ ಬುಗುರಿ ಥರ ಸಮವಾಗಿ ಹೋಗುತ್ತೆ, ಇಲ್ಲಾಂದ್ರೆ ತೂರಾಡುತ್ತೆ. ಹೀಲ್ ಕರ್ವಲ್ಲಿ ಬಾಗು ಹಿಂದೇನೇ ಮುಗಿದು ಮುಂದಿನ ಭಾಗ ಬಹುಪಾಲು ನೇರ ಇರುತ್ತೆ, ಸ್ಟಿಕ್ಕನ್ನ ಹಿಂದಕ್ಕೆ ಎತ್ತಿ ಬಾರಿಸೋ ಸ್ಲ್ಯಾಪ್ ಶಾಟಿಗೂ ಉದ್ದ ಪಾಸಿಗೂ ಒಳ್ಳೇದು, ಹಳೇ ಕಾಲದ ಡಿಫೆನ್ಸ್‌ಮನ್‌ಗಳು ಇದನ್ನ ಬಿಟ್ಟು ಬರಲ್ಲ. ಮಿಡ್ ಕರ್ವಲ್ಲಿ ಮಧ್ಯದಲ್ಲಿ ಒಂದು ಬಟ್ಟಲ ಥರ ಆಗುತ್ತೆ, ಪಕ್ ಅಲ್ಲೇ ಕೂರುತ್ತೆ, ಪಾಸ್ ಹಿಡಿಯೋಕೆ, ಕೊಡೋಕೆ, ಹೊಡೆಯೋಕೆ ಎಲ್ಲಕ್ಕೂ ಆಗುತ್ತೆ. ಟೋ ಕರ್ವಲ್ಲಿ ಬ್ಲೇಡ್ ಹೆಚ್ಚುಕಮ್ಮಿ ನೇರ ಬಂದು ತುದೀಲಿ ಕೊಕ್ಕೆ ಥರ ತಿರುಗುತ್ತೆ, ಪಕ್ಕನ್ನ ತುದೀಲಿ ಒಳಗೆ ಎಳ್ಕೊಂಡು, ಡಿಫೆಂಡರ್ ಕಾಲು ಹಾಕೋಷ್ಟರಲ್ಲಿ ಜಾಗ ಬದಲಾಯಿಸಿ ಟಪ್ ಅಂತ ಬಿಡಬಹುದು. ಈಗಿನ ಹುಡುಗರಿಗೆಲ್ಲ ಇದೇ ಬೇಕು, ವಿಡಿಯೋದಲ್ಲಿ ಚೆನ್ನಾಗಿ ಕಾಣುತ್ತಲ್ಲ.

ಮುಖದ ವಿಷ್ಯ ಜನ ನೋಡೋದೇ ಇಲ್ಲ, ನನ್ನ ಪ್ರಕಾರ ಆಳಕ್ಕಿಂತ ಜಾಸ್ತಿ ವ್ಯತ್ಯಾಸ ಮಾಡೋದು ಇದೇ. ಆಡೋ ಥರ ನಿಂತ್ಕೊಳ್ಳಿ, ಬ್ಲೇಡನ್ನ ನೆಲಕ್ಕೆ ಸಮ ಇಟ್ಟು ಮೇಲಿಂದ ಕೆಳಗೆ ನೋಡಿ. ಬ್ಲೇಡಿನ ಒಳಮುಖ ಚೆನ್ನಾಗಿ ಕಾಣ್ತಾ ಇದ್ರೆ ಅದು ಓಪನ್, ಮೇಲಿನ ಅಂಚು ಮಾತ್ರ ಕಂಡ್ರೆ ಕ್ಲೋಸ್ಡ್. ಓಪನ್ ಮುಖ ಪಕ್ಕನ್ನ ಸುಲಭಕ್ಕೆ ಎತ್ತುತ್ತೆ, ಗೋಲಿ ಮೈಗೆ ಅಂಟಿಕೊಂಡು ನಿಂತಾಗ ಮೇಲಿನ ಮೂಲೆಗೆ ಹಾಕೋಕೆ ಅದಿಲ್ಲದೆ ಕಷ್ಟ. ಆದ್ರೆ ದೂರದಿಂದ ಹೊಡೆದಾಗ ಅದೇ ಶತ್ರು, ಗೋಲು ನಾಲ್ಕೇ ಅಡಿ ಎತ್ತರ ಇರೋದು, ಹೊಡೆದ ಮೇಲೆ ಬ್ಲೇಡ್ ಎಲ್ಲಿಗೆ ತೋರಿಸ್ತಿದೆಯೋ ಪಕ್ ಅಲ್ಲಿಗೆ ಹೋಗುತ್ತೆ, ಮೊದಲೇ ಆಕಾಶ ನೋಡ್ತಿರೋ ಬ್ಲೇಡನ್ನ ನೀವು ಸೊಂಟದವರೆಗೂ ಎತ್ತಿ ಮುಗಿಸಿದ್ರೆ ಗಾಜು ಗ್ಯಾರಂಟಿ.

ಈಗ ಆ ನಂಬರ್‌ಗಳಿಗೆ ಬರೋಣ. ಪಿ92 ಅಂದ್ರೆ ಮಿಡ್ ಅಂತ ಹೇಳ್ತಾರೆ, ಟೋ ಕಡೆ ಸ್ವಲ್ಪ ವಾಲಿರುತ್ತೆ, ಮುಖ ಓಪನ್. ಇನ್ನೊಂದು ಕಂಪನಿ ಹೆಚ್ಚುಕಮ್ಮಿ ಅದನ್ನೇ ಪಿ29 ಅಂತ ಮಾರುತ್ತೆ, ಎರಡರ ಮಧ್ಯೆ ನಿದ್ದೆ ಕೆಡಿಸ್ಕೊಬೇಡಿ. ಪಿ88 ಕೂಡ ಮಿಡ್ಡೇ, ಆದ್ರೆ ಮುಖ ಅಷ್ಟು ತೆರೆದಿರಲ್ಲ, ಬ್ಲೇಡಿನ ತಳವೂ ಚಪ್ಪಟೆ. ಪಿ28 ಟೋ ಕರ್ವು, ಓಪನ್, ತಳ ದೋಣಿ ಥರ ಬಾಗಿರುತ್ತೆ, ಅದಕ್ಕೆ ರಾಕರ್ ಅಂತಾರೆ. ಈ ರಾಕರ್ ಇರೋ ಬ್ಲೇಡಲ್ಲಿ ಲೈ ನಂಬರನ್ನ ಪೂರ್ತಿ ನಂಬಬೇಡಿ, ತಳ ದುಂಡಗಿರೋದ್ರಿಂದ ಕೈ ಮೇಲೆ ಕೆಳಗೆ ಆದ ಹಾಗೆ ಐಸಿಗೆ ತಾಗೋ ಜಾಗ ಬದಲಾಗ್ತಾ ಇರುತ್ತೆ, ಇಲ್ಲೂ ಕೊನೇ ಮಾತು ಟೇಪಿಂದೇ. ಬ್ಲೇಡ್ ತುದಿ ದುಂಡೋ ಚೌಕವೋ ಅನ್ನೋದು ಶುರೂಲಿ ತಲೆ ಕೆಡಿಸ್ಕೊಳೋ ವಿಷ್ಯ ಅಲ್ಲ.

ಆಗ ಹೇಳಿದ ಎರಡನೇ ಮುಖ. ಕರ್ವ್ ಅನ್ನೋದು ಒಂದು ಕಡೆ ಕೊಟ್ಟಿದ್ದನ್ನ ಇನ್ನೊಂದು ಕಡೆ ಕಿತ್ಕೊಳುತ್ತೆ. ಫೋರ್‌ಹ್ಯಾಂಡಲ್ಲಿ ಬಟ್ಟಲು ಇದ್ರೆ ಬ್ಯಾಕ್‌ಹ್ಯಾಂಡಲ್ಲಿ ಅದೇ ಉಬ್ಬು, ಪಕ್ ಅದರ ಮೇಲೆ ನಿಲ್ಲಲ್ಲ, ಜಾರುತ್ತೆ. ಜೊತೆಗೆ ಫೋರ್‌ಹ್ಯಾಂಡಲ್ಲಿ ಮುಖ ಹಿಂದಕ್ಕೆ ವಾಲಿದ್ರೆ ಬ್ಯಾಕ್‌ಹ್ಯಾಂಡಲ್ಲಿ ಅದು ಪಕ್ ಮೇಲೆ ಮುಚ್ಕೊಂಡ ಹಾಗೆ ಆಗುತ್ತೆ, ಎತ್ತೋದೇ ಕಷ್ಟ. ನಾನೇ ಅನುಭವಿಸಿದ್ದು ಇದು. ಮರದ ಬ್ಲೇಡಿನ ಕಾಲದಲ್ಲಿ ಹೀಟ್ ಗನ್ ತಗೊಂಡು ಬ್ಲೇಡ್ ಬಿಸಿ ಮಾಡಿ ಬಾಗಿಲ ಕೆಳಗೆ ಸಿಕ್ಕಿಸಿ ಬಾಳೆಹಣ್ಣಿನ ಥರ ಮಾಡ್ಕೊಂಡಿದ್ದೆ, ಫೋರ್‌ಹ್ಯಾಂಡಲ್ಲಿ ರಾಜ. ಒಂದು ಮ್ಯಾಚಲ್ಲಿ ಗೋಲಿ ಬಿದ್ದು ಹೋಗಿದ್ದಾನೆ, ಪೂರ್ತಿ ಗೋಲು ಖಾಲಿ, ಪಕ್ ನನ್ನ ಬ್ಯಾಕ್‌ಹ್ಯಾಂಡಿಗೆ ಬಂತು, ತಳ್ಳಿದೆ, ಅದು ಬ್ಲೇಡ್ ಮೇಲಿಂದ ಜಾರಿ ನನ್ನದೇ ಸ್ಕೇಟಿಗೆ ಬಡೀತು. ಬೆಂಚಿಗೆ ವಾಪಸ್ ಬರೋವಾಗ ಯಾರೂ ಏನೂ ಅನ್ಲಿಲ್ಲ, ಅದೇ ಜಾಸ್ತಿ ಉರಿ ಆಗಿದ್ದು. ಈಗ ಕಾಂಪೋಸಿಟ್ ಬ್ಲೇಡು, ಕಾರ್ಖಾನೇಲಿ ಬಂದ ಆಕಾರವೇ ಕೊನೆ, ಬಿಸಿ ಮಾಡಿದ್ರೆ ಅಂಟು ಬಿಟ್ಟು ಹಾಳಾಗುತ್ತೆ ಅಷ್ಟೇ, ಆ ಸಾಹಸ ಬೇಡ.

ಹಾಗಾಗಿ ಯಾವುದು ಅಂತ ಕೇಳಿದ್ರೆ, ಹೊಸದಾಗಿ ಆಡ್ತಿರೋರು, ಅದರಲ್ಲೂ ಮಕ್ಕಳು, ಆಳ ಕಮ್ಮಿ ಇರೋ ಮಿಡ್ ಕರ್ವ್, ಮುಖ ಜಾಸ್ತಿ ತೆರೆದಿರಬಾರದು, ಪಿ88 ಥರದ್ದು. ಪಾಸ್ ಸಮವಾಗಿ ನೆಲದ ಮೇಲೆ ಹೋಗುತ್ತೆ, ಬ್ಯಾಕ್‌ಹ್ಯಾಂಡ್ ಕಲಿಯೋಕಾಗುತ್ತೆ, ಪಕ್ ಏಳಬೇಕಂದ್ರೆ ಮಣಿಕಟ್ಟು ತಿರುಗಿಸಿ ನೀವೇ ಏಳಿಸಬೇಕು, ಅದನ್ನ ಬ್ಲೇಡು ಮಾಡ್ಕೊಟ್ರೆ ಕಲಿಯೋದೇ ಇಲ್ಲ. ಈ ಮಾತಿಗೆ ನನ್ನ ಜೊತೆ ಜಗಳ ಆಡೋ ಕೋಚುಗಳಿದ್ದಾರೆ, ಮಗುಗೆ ಪಕ್ ಮೇಲೆದ್ರೆ ಖುಷಿ ಆಗುತ್ತೆ, ಖುಷಿ ಆದ್ರೆ ನಾಳೆ ಮತ್ತೆ ಬರುತ್ತೆ ಅಂತಾರೆ, ಅದರಲ್ಲೂ ನಿಜ ಇದೆ. ಗೋಲಿನ ಮುಂದೆ ಗುದ್ದಾಡೋ ಫಾರ್ವರ್ಡಿಗೆ ಪಿ92 ಥರದ್ದು. ಟೋ ಕರ್ವು, ಕೈ ಪಳಗಿ ಪಕ್ ಎಲ್ಲಿದೆ ಅಂತ ನೋಡದೇ ಗೊತ್ತಾಗೋರಿಗೆ. ಪಾಯಿಂಟಿಂದ, ಅಂದ್ರೆ ಗೋಲಿಂದ ದೂರ ನೀಲಿ ಗೆರೆ ಹತ್ರದಿಂದ, ಹೊಡೆಯೋ ಡಿಫೆನ್ಸ್‌ನೋರು ಹೀಲ್ ಕರ್ವ್ ಸಿಕ್ಕಿದ್ರೆ ಒಮ್ಮೆ ಆಡಿ ನೋಡಿ, ಈಗ ಮಾಡೋದೇ ಕಮ್ಮಿ ಆಗಿದೆ, ಅದು ನನಗೆ ಬೇಜಾರು.

ಎಡ ಬಲ ಆರಿಸೋದು ಇದಕ್ಕಿಂತ ಮುಂಚಿನ ಹೆಜ್ಜೆ, ಎಷ್ಟೋ ಜನ ತಪ್ಪು ಮಾಡ್ತಾರೆ. ಲೆಫ್ಟ್ ಸ್ಟಿಕ್ ಅಂದ್ರೆ ಎಡಗೈಯಲ್ಲಿ ಬರೆಯೋರಿಗೆ ಅಂತಲ್ಲ, ಎಡಗೈ ಕೆಳಗೆ ಹಿಡಿಯೋರಿಗೆ. ಬಲಗೈಯಲ್ಲಿ ಬರೆಯೋ ಎಷ್ಟೋ ಜನ ಬಲಗೈ ಮೇಲಿಟ್ಟು ಲೆಫ್ಟ್ ಹೊಡೀತಾರೆ. ಮಗು ಕೈಗೆ ಒಂದು ಪೊರಕೆ ಕೊಟ್ಟು ಗುಡಿಸು ಅನ್ನಿ, ಯಾವ ಕೈ ಕೆಳಗೆ ಹೋಗುತ್ತೋ ನೋಡಿ.

ಬದಲಾಯಿಸಲೇಬೇಕು ಅಂದ್ರೆ ಒಂದು ಸಲಕ್ಕೆ ಒಂದೇ ಬದಲಾಯಿಸಿ. ಕರ್ವು, ಉದ್ದ, ಫ್ಲೆಕ್ಸು (ಶಾಫ್ಟ್ ಎಷ್ಟು ಬಳುಕುತ್ತೆ ಅನ್ನೋದು) ಮೂರೂ ಒಟ್ಟಿಗೆ ಬದಲಾಯಿಸಿ ಶಾಟ್ ಕೆಟ್ಟೋಯ್ತು ಅಂದ್ರೆ ಯಾವುದರಿಂದ ಕೆಡ್ತು ಅಂತ ನಾನು ಹೇಗೆ ಹೇಳ್ಲಿ. ಹೊಸ ಕರ್ವಿಗೆ ಕೈ ಹೊಂದ್ಕೊಳೋಕೆ ಸಾವಿರಾರು ಪಕ್ ಬೇಕು, ನಾಲ್ಕು ಪ್ರಾಕ್ಟೀಸಿಗೆ ತೀರ್ಪು ಕೊಡಬೇಡಿ.

ಆ ಹುಡುಗನಿಗೆ ಹೊಸ ಸ್ಟಿಕ್ ಕೊಡಿಸೋದು ಬೇಡ ಅಂದೆ. ಅವನದ್ದು ಪಿ28. ಮೇಲಿಂದ ಎರಡು ಇಂಚು ಕತ್ತರಿಸಿದ್ವಿ, ಕತ್ತರಿಸಿದ್ರೆ ಶಾಫ್ಟ್ ಸ್ವಲ್ಪ ಗಟ್ಟಿ ಆಗುತ್ತೆ ಅಂತ ಹೇಳಿಯೇ ಕತ್ತರಿಸಿದ್ದು. ಹಳೇ ಟೇಪ್ ಕಿತ್ತು ಬಿಳೀ ಟೇಪ್ ಸುತ್ತಿಸಿದೆ, ಬಿಳೀದರಲ್ಲಿ ಕೊಳೆ ಬೇಗ ಕಾಣುತ್ತೆ ಅಂತ. ಎರಡು ವಾರ ಬಿಟ್ಟು ತಂದು ತೋರಿಸಿದ, ಕಪ್ಪು ಗುರುತು ಹೀಲ್ ಬಿಟ್ಟು ಹತ್ರ ಹತ್ರ ಮಧ್ಯಕ್ಕೆ ಬಂದಿತ್ತು. ಹತ್ತಕ್ಕೆ ಆರು ಪಕ್ ಗೋಲಿನ ಒಳಗೆ ಹೋಗ್ತಿದೆ, ಮಿಕ್ಕ ನಾಲ್ಕು ಇನ್ನೂ ಗಾಜಿಗೇ. ಆ ನಾಲ್ಕು ಕರ್ವಿಂದೇ ತಪ್ಪು ಅಂತ ಈಗ ಒಪ್ಕೋತೀನಿ.