ಸಪೋರ್ಟೆಡ್ ಅಡ್ಮಿಷನ್: ಮನೆಯವರ ಸಹಿಯೊಂದೇ ಸಾಲದು

"ಮನೆಯವರು ಸಹಿ ಹಾಕಿದರೆ ಆಯ್ತು, ಅದೇ ಸಪೋರ್ಟೆಡ್ ಅಡ್ಮಿಷನ್." ಈ ಮಾತು ಕೇಳಿ ಕೇಳಿ ಸಾಕಾಗಿದೆ. ರೋಗಿ ಒಪ್ಪದಿದ್ದರೂ ಆಸ್ಪತ್ರೆಗೆ ಸೇರಿಸಲು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇಟ್ಟಿರುವ ದಾರಿ ಇದು, ನಿಜ. ಆದರೆ 89ನೇ ಸೆಕ್ಷನ್ ಅಷ್ಟು ಸಡಿಲವಾಗಿಲ್ಲ.

ಅರ್ಜಿ ಕೊಡಬೇಕಾದವರು ರೋಗಿಯ ನಾಮನಿರ್ದೇಶಿತ ಪ್ರತಿನಿಧಿ. ಅವರು ಅಪ್ಪನೋ ಗಂಡನೋ ಆಗಿರಲೇಬೇಕು ಅಂತಿಲ್ಲ. ರೋಗಿ ಮೊದಲೇ ಬಿಳಿ ಹಾಳೆಯಲ್ಲಿ ಗೆಳತಿಯ ಹೆಸರು ಬರೆದು ಸಹಿ ಮಾಡಿದ್ದರೆ ಅವಳೇ ಪ್ರತಿನಿಧಿ. ಆಮೇಲೆ ಇಬ್ಬರು ತಜ್ಞರು ಬೇರೆಬೇರೆಯಾಗಿ ಪರೀಕ್ಷಿಸಬೇಕು. ಅವರಲ್ಲಿ ಒಬ್ಬರಾದರೂ ಮನೋವೈದ್ಯರೇ ಇರಬೇಕು. ತನಗೆ ಹಾನಿ ಮಾಡಿಕೊಳ್ಳುವುದು, ಬೇರೆಯವರ ಮೇಲೆ ಹಿಂಸೆ, ತನಗೇ ಹಾನಿಯಾಗಬಹುದಾದಷ್ಟು ತನ್ನನ್ನು ನೋಡಿಕೊಳ್ಳಲಾಗದಿರುವುದು: ಇವುಗಳಲ್ಲಿ ಒಂದಾದರೂ ಇತ್ತೀಚೆಗೆ ಕಂಡಿರಬೇಕು. ಅನ್ನದಲ್ಲಿ ವಿಷ ಹಾಕಿದ್ದಾರೆಂದು ನಂಬಿ ದಿನಗಟ್ಟಲೆ ಊಟ ಬಿಟ್ಟವರು ಇದರಲ್ಲಿ ಬರುತ್ತಾರೆ. ಜಾತಿ ಬಿಟ್ಟು ಮದುವೆಯಾಗ್ತೀನಿ ಅಂದ ಮಗಳು ಖಂಡಿತ ಬರುವುದಿಲ್ಲ. ಸಮಾಜದ ರೀತಿನೀತಿಗೆ ಒಗ್ಗದಿರುವುದು ಕಾಯಿಲೆಯಲ್ಲ ಎಂದು ಇದೇ ಕಾಯ್ದೆ ಹೇಳುತ್ತದೆ.

ಜಾಸ್ತಿ ಗೊಂದಲ ಇರುವುದು 'ತೀರ್ಮಾನಿಸುವ ಶಕ್ತಿ'ಯ ಬಗ್ಗೆ, ಅಂದರೆ ತನ್ನ ಚಿಕಿತ್ಸೆಯ ಬಗ್ಗೆ ರೋಗಿ ತಾನೇ ತೀರ್ಮಾನ ಮಾಡಬಲ್ಲರೇ ಎಂಬುದರ ಬಗ್ಗೆ. ಮಾತ್ರೆ ಬೇಡ ಅಂದ ಕೂಡಲೇ "ಅವನಿಗೆ ಬುದ್ಧಿ ಸ್ಥಿಮಿತ ಇಲ್ಲ" ಅಂದುಬಿಡುತ್ತಾರೆ. "ಈ ಮಾತ್ರೆಯಿಂದ ಕೈ ನಡುಗುತ್ತೆ, ಕೆಲಸ ಮಾಡೋಕಾಗಲ್ಲ" ಅಂತ ಒಬ್ಬ ಕಾರಣ ಕೊಟ್ಟು ನಿಲ್ಲಿಸಿದರೆ ಅದು ತೀರ್ಮಾನವೇ ಅಲ್ವಾ? ಬೇರೆಯವರ ಕಣ್ಣಿಗೆ ತಪ್ಪೆನಿಸಿತು ಎಂಬ ಒಂದೇ ಕಾರಣಕ್ಕೆ ಶಕ್ತಿ ಇಲ್ಲವೆನ್ನುವಂತಿಲ್ಲ. ಇದು 4ನೇ ಸೆಕ್ಷನ್‌ನಲ್ಲೇ ಇದೆ. ಡಾಕ್ಟರು ಹೇಳಿದ್ದು ಅರ್ಥವಾಗುತ್ತದೆಯೇ, ಮುಂದೇನಾಗಬಹುದೆಂದು ಗೊತ್ತೇ, ತನ್ನ ಮನಸ್ಸಿನಲ್ಲಿರುವುದನ್ನು ಮಾತಲ್ಲೋ ಸನ್ನೆಯಲ್ಲೋ ತಿಳಿಸಬಲ್ಲರೇ ಎಂದು ನೋಡಬೇಕು. ಆ ಶಕ್ತಿ ಇವತ್ತು ಇಲ್ಲದಿದ್ದರೂ ಮುಂದಿನ ವಾರ ಬರಬಹುದು.

ಹಾಗಾಗಿಯೇ ಸೇರಿಸಿಕೊಂಡ ಮಾತ್ರಕ್ಕೆ ಇಷ್ಟಬಂದ ಚಿಕಿತ್ಸೆ ಕೊಡುವಂತಿಲ್ಲ. ತೀರ್ಮಾನಕ್ಕೆ 'ಹೆಚ್ಚುಕಡಿಮೆ ನೂರಕ್ಕೆ ನೂರು' ಬೆಂಬಲ ಬೇಕಾದಾಗ ಮಾತ್ರ ಪ್ರತಿನಿಧಿ ತಾತ್ಕಾಲಿಕವಾಗಿ ಒಪ್ಪಿಗೆ ಕೊಡಬಹುದು. ರೋಗಿಯ ಶಕ್ತಿ ಮರಳಿದೆಯೇ ಎಂದು 7 ದಿನಕ್ಕೊಮ್ಮೆ ಪರೀಕ್ಷಿಸಬೇಕು. ಈ ಸೆಕ್ಷನ್‌ನಡಿ ಇರಿಸಿಕೊಳ್ಳಬಹುದಾದದ್ದು ಹೆಚ್ಚೆಂದರೆ 30 ದಿನ. ಅದು ಮೀರಿದರೆ 90ನೇ ಸೆಕ್ಷನ್, ಇನ್ನೂ ಬಿಗಿಯಾದ ಷರತ್ತುಗಳು.

ರಾತ್ರಿಯಿಡೀ ಎಚ್ಚರವಿದ್ದು ಕಾಯುವ ಮನೆಯವರ ಕಷ್ಟ ಸಣ್ಣದಲ್ಲ. ಅವರಿಗೂ ಈ ನಿಯಮ ಗೊತ್ತಿರಬೇಕು. ಅಡ್ಮಿಷನ್ ಬಗ್ಗೆ ಆಸ್ಪತ್ರೆಯು ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ 7 ದಿನದೊಳಗೆ ವರದಿ ಕೊಡಲೇಬೇಕು. ರೋಗಿ ಹೆಂಗಸಾಗಿದ್ದರೆ 3 ದಿನದೊಳಗೆ. ಆ ಮಂಡಳಿಗೆ ರೋಗಿಯೂ ದೂರು ಕೊಡಬಹುದು, ಅದಕ್ಕೆ ಉಚಿತ ವಕೀಲರ ನೆರವೂ ಸಿಗುತ್ತದೆ.