ಎಚ್‌ಐವಿ ಜೊತೆ ಹೆಪಟೈಟಿಸ್ ಬಿ: ಕಾಮಾಲೆ ಬೇರು ಕುಡಿಯಲು ಮಾತ್ರೆ ಬಿಡಬಹುದಾ?

ಪ್ರಶ್ನೆ: ಮುಂಬೈನಲ್ಲಿ ಹೋಟೆಲ್ ಕೆಲಸ ನನ್ನದು. ಆರು ತಿಂಗಳ ಹಿಂದೆ ಎಚ್‌ಐವಿ, ಹೆಪಟೈಟಿಸ್ ಬಿ ಎರಡೂ ಇದೆ ಎಂದು ಗೊತ್ತಾಯಿತು. ದಿನಾ ಒಂದು ಮಾತ್ರೆ ನುಂಗುತ್ತೇನೆ. ಊರಲ್ಲಿ ಕಾಮಾಲೆಗೆ ಬೇರಿನ ಔಷಧಿ ಕೊಡುತ್ತಾರೆ. ಪಥ್ಯ ಜಾಸ್ತಿ, ಬೇರೆ ಮಾತ್ರೆ ಮುಟ್ಟಬಾರದಂತೆ. ಎರಡು ತಿಂಗಳು ಬಿಟ್ಟರೆ ನಡೆಯುತ್ತಾ?

ಉತ್ತರ: ದಯವಿಟ್ಟು ಬಿಡಬೇಡಿ.

ನಿಮ್ಮ ಮಾತ್ರೆ ಡಬ್ಬಿಯ ಮೇಲಿನ ಹೆಸರು ಓದಿಸಿ ನೋಡಿ. ಎಆರ್‌ಟಿ ಕೇಂದ್ರದಲ್ಲಿ, ಅಂದರೆ ಎಚ್‌ಐವಿಗೆ ಔಷಧಿ ಕೊಡುವ ಕೇಂದ್ರದಲ್ಲಿ, ಈಗ ಹೆಚ್ಚಿನವರಿಗೆ ಕೊಡುವುದು ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಸೇರಿದ ಒಂದೇ ಮಾತ್ರೆ. ಇದರಲ್ಲಿ ಮೊದಲಿನ ಎರಡು ಹೆಪಟೈಟಿಸ್ ಬಿ ವೈರಸ್ಸನ್ನೂ ತಡೆಯುತ್ತವೆ. ಅಂದರೆ ನಿಮ್ಮ ಲಿವರ್‌ಗೆ ಬೇಕಾದ ಔಷಧಿ ಆಗಲೇ ನಿಮ್ಮ ಕೈಯಲ್ಲಿದೆ. ಡಬ್ಬಿಯಲ್ಲಿ ಟೆನೊಫೊವಿರ್ ಹೆಸರು ಇಲ್ಲದಿದ್ದರೆ ಮಾತ್ರ ಕೂಡಲೇ ಡಾಕ್ಟರನ್ನು ಕೇಳಿ. ಲ್ಯಾಮಿವುಡಿನ್ ಒಂದೇ ಇದ್ದರೆ ಹೆಪಟೈಟಿಸ್ ಬಿ ವೈರಸ್ ಕೆಲವು ವರ್ಷಗಳಲ್ಲಿ ಅದಕ್ಕೆ ಬಗ್ಗದಂತಾಗುತ್ತದೆ.

ಈ ಮಾತ್ರೆ ವೈರಸ್ಸನ್ನು ಅದುಮಿಡುತ್ತದೆ, ಬೇರುಸಹಿತ ಕೀಳುವುದಿಲ್ಲ. ನಿಲ್ಲಿಸಿದರೆ ಕೆಲವೇ ವಾರ, ತಿಂಗಳಲ್ಲಿ ಅದು ಮತ್ತೆ ಏಳಬಹುದು. ಲಿವರ್ ಜೋರಾಗಿ ಊದಿಕೊಂಡು ಜೀವಕ್ಕೇ ಕುತ್ತು ಬರಬಹುದು. ಎಚ್‌ಐವಿ ಕೂಡ ಮತ್ತೆ ಹೆಚ್ಚುತ್ತದೆ.

ಹಾಗಾದರೆ ಬೇರು ಕುಡಿದು ವಾಸಿಯಾದವರು ಸುಳ್ಳು ಹೇಳ್ತಾರಾ? ಇಲ್ಲ. ಕಾಮಾಲೆ ಎನ್ನುವುದು ಕಣ್ಣು ಹಳದಿಯಾಗುವ ಲಕ್ಷಣ, ಅದಕ್ಕೆ ಕಾರಣ ಹಲವು. ಕೆಟ್ಟ ನೀರಿನಿಂದ ಬರುವ ಹೆಪಟೈಟಿಸ್ ಎ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ಹೆಸರು ಮಾತ್ರ ಬೇರಿಗೆ ಬರುತ್ತದೆ. ನಿಮ್ಮದು ಆರು ತಿಂಗಳು ದಾಟಿದೆ. ಇದು ಹಾಗೆ ಸುಮ್ನೆ ಹೋಗುವಂಥದ್ದಲ್ಲ. ಕೆಲವು ನಾಟಿ ಔಷಧಿಗಳು ಲಿವರನ್ನೇ ಕೆಡಿಸುತ್ತವೆ. ಹೆಂಡವೂ ಅಷ್ಟೇ, ಪೂರ್ತಿ ಬಿಡಿ.

ಊರಿಗೆ ಖಂಡಿತ ಹೋಗಿ ಬನ್ನಿ. ಎರಡು ತಿಂಗಳು ಇರುತ್ತೇನೆ ಎಂದು ಕೇಂದ್ರದಲ್ಲಿ ಮೊದಲೇ ಹೇಳಿ, ಅಷ್ಟು ದಿನದ ಮಾತ್ರೆ ಕೇಳಿ. ರೈಲಿನಲ್ಲಿ ದೊಡ್ಡ ಬ್ಯಾಗಿಗೆ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ಅಲ್ಲೇ ಹೆಚ್ಚು ದಿನ ಉಳಿಯಬೇಕಾದರೆ ಹತ್ತಿರದ ಎಆರ್‌ಟಿ ಕೇಂದ್ರಕ್ಕೆ ಹೆಸರು ವರ್ಗ ಮಾಡಿಸಬಹುದು. ಪಥ್ಯದ ಮಾತು ಬಂದರೆ, ‘ಮುಂಬೈ ಡಾಕ್ಟರ್ ಲಿವರ್ ಮಾತ್ರೆ ಕೊಟ್ಟಿದ್ದಾರೆ’ ಎನ್ನಿ. ಅದು ನಿಜವೇ ಅಲ್ವಾ? ಎಚ್‌ಐವಿ ವಿಷಯವನ್ನು ಊರಿಗೆಲ್ಲ ಹೇಳಬೇಕಿಲ್ಲ.

ಹೋಟೆಲ್ ಕೆಲಸದ ಬಗ್ಗೆ ಹೆದರಬೇಡಿ, ಅಡುಗೆ, ತಟ್ಟೆ, ಲೋಟದಿಂದ ಇದು ಹರಡದು. ರಕ್ತ, ಕಾಂಡೋಮ್ ಇಲ್ಲದ ಲೈಂಗಿಕ ಸಂಬಂಧ, ಹೆರಿಗೆಯಲ್ಲಿ ತಾಯಿಯಿಂದ ಮಗು: ಹರಡುವ ದಾರಿ ಇವು. ರೂಮಿನಲ್ಲಿ ಎಲ್ಲರೂ ಒಂದೇ ಬ್ಲೇಡು ಬಳಸುವುದನ್ನು ಮಾತ್ರ ಇವತ್ತೇ ನಿಲ್ಲಿಸಿ. ಮದುವೆಯಾಗಿದ್ದರೆ ಹೆಂಡತಿಗೆ ಎರಡೂ ಪರೀಕ್ಷೆ ಮಾಡಿಸಿ. ಅವರಿಗೆ ಹೆಪಟೈಟಿಸ್ ಬಿ ಇಲ್ಲದಿದ್ದರೆ ಲಸಿಕೆ ಇದೆ. ಸಾಮಾನ್ಯವಾಗಿ ಮೂರು ಡೋಸ್: ಮೊದಲನೆಯದು, ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು.