ಅಜ್ಜಿಯ ಮಾತ್ರೆ ಡಬ್ಬಿ

78 ವರ್ಷದ ಅಜ್ಜಿಯೊಬ್ಬರನ್ನು ಮಗ ಕರೆತಂದಿದ್ದರು. ಎರಡು ತಿಂಗಳಲ್ಲಿ ಮೂರು ಸಲ ಬಿದ್ದಿದ್ದರಂತೆ. "ಕಾಲಿಗೆ ಶಕ್ತಿ ಬರೋ ಟಾನಿಕ್ ಏನಾದ್ರೂ ಕೊಡಿ ಡಾಕ್ಟ್ರೇ" ಅಂದರು. ಮಾತ್ರೆಗಳೆಲ್ಲಿ ಅಂದೆ. ಚೀಲದಿಂದ ಬಿಸ್ಕತ್ ಡಬ್ಬಿ ಹೊರಬಂತು. ಮೇಜಿನ ಮೇಲೆ ಸುರಿದರೆ ಹನ್ನೊಂದು ಬಗೆ.

ಬಿಪಿಗೆ ಅಮ್ಲೋಡಿಪಿನ್. ಅದರಿಂದ ಪಾದ ಊದಿತ್ತು. ಊತಕ್ಕೆ ಇನ್ನೊಬ್ಬ ಡಾಕ್ಟರು ನೀರಿಳಿಸುವ ಮಾತ್ರೆ ಬರೆದರು. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುವಂತಾಯಿತು. ನಿದ್ದೆ ಕೆಟ್ಟಿತೆಂದು ನಿದ್ದೆ ಮಾತ್ರೆ ಸೇರಿತು. ಆ ಮಂಪರಿನಲ್ಲೇ ಬಚ್ಚಲಿಗೆ ಹೋಗುತ್ತಾ ಬಿದ್ದಿದ್ದರು. ಮಲಗಿಸಿ ಬಿಪಿ ನೋಡಿದೆ, ನಿಲ್ಲಿಸಿ ಮತ್ತೆ ನೋಡಿದೆ. ಎದ್ದ ಮೂರು ನಿಮಿಷದೊಳಗೆ ಮೇಲಿನ ಅಂಕಿ 20 ಇಳಿದರೇ ನಮಗೆ ಗಾಬರಿ, ತಲೆ ಸುತ್ತಿ ಬೀಳಬಹುದು ಅಂತ. ಇವರದ್ದು 28 ಇಳಿದಿತ್ತು. ಬೇಕಾಗಿದ್ದು ಟಾನಿಕ್ ಅಲ್ಲ, ಮಾತ್ರೆ ಕಮ್ಮಿ ಮಾಡೋದು. (ಹಾಗಂತ ನೀವೇ ನಿಲ್ಲಿಸಬೇಡಿ. ನಿದ್ದೆ ಮಾತ್ರೆ ದಿಢೀರ್ ಬಿಟ್ಟರೆ ಬೇರೆ ಫಜೀತಿ.)

ಅರವತ್ತು ದಾಟಿದವರೆಲ್ಲ ವೃದ್ಧರ ತಜ್ಞರ ಹತ್ತಿರ ಓಡಬೇಕಿಲ್ಲ. ಎಂಬತ್ತೈದರಲ್ಲೂ ಒಬ್ಬರೇ ದೇವಸ್ಥಾನಕ್ಕೆ ನಡೆದು ಹೋಗಿಬರುವವರಿಗೆ ಮನೆ ಡಾಕ್ಟರೇ ಸಾಕು. ತೊಂದರೆಗಳು ಒಂದಕ್ಕೊಂದು ಸಿಕ್ಕು ಹಾಕಿಕೊಂಡಾಗ ನಮ್ಮ ಕೆಲಸ. ವರ್ಷದಲ್ಲಿ ಎರಡು ಸಲ ಬಿದ್ದವರು, ದಿನಾ ಐದಾರು ಮಾತ್ರೆ ನುಂಗುವವರು, ಡಯಟ್ ಮಾಡದೆಯೇ ರವಿಕೆ ಸಡಿಲವಾದವರು ಒಮ್ಮೆ ತೋರಿಸಲಿ. ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಕುರ್ಚಿಯಿಂದ ಎದ್ದು, ಮೂರು ಮೀಟರ್ ನಡೆದು, ತಿರುಗಿ ಬಂದು ಕೂರಲಿ. ನೀವು ಪಕ್ಕದಲ್ಲೇ ಇರಿ. 12 ಸೆಕೆಂಡ್ ಅಥವಾ ಅದಕ್ಕಿಂತ ಜಾಸ್ತಿ ಹಿಡಿದರೆ ಬೀಳುವ ಭಯ ಇದೆ ಅಂತ ಲೆಕ್ಕ.

ಒಂದಕ್ಕೆ ಮಾತ್ರ ಅಪಾಯಿಂಟ್‌ಮೆಂಟ್ ಕಾಯಬೇಡಿ. ಮೊನ್ನೆವರೆಗೆ ಸರಿಯಿದ್ದವರು ಇವತ್ತು ಮಗಳನ್ನೇ ಗುರುತಿಸದಿದ್ದರೆ, ಇಲ್ಲಾ ಸುಮ್ನೆ ತೂಕಡಿಸುತ್ತಾ ಊಟ ಬಿಟ್ಟರೆ, ಅವತ್ತೇ ಆಸ್ಪತ್ರೆಗೆ ಬನ್ನಿ. 'ಅರವತ್ತಕ್ಕೆ ಅರಳು ಮರುಳು' ಅಂತ ಗಾದೆ ಹೇಳಿ ಕೂರಬೇಡಿ. ಮರೆವಿನ ಕಾಯಿಲೆ ಸಾಮಾನ್ಯವಾಗಿ ತಿಂಗಳು, ವರ್ಷ ತೆಗೆದುಕೊಂಡು ಬರುತ್ತದೆ, ರಾತ್ರೋರಾತ್ರಿ ಅಲ್ಲ. ಹೀಗೆ ದಿಢೀರ್ ಆದರೆ ಒಳಗೆ ಸೋಂಕೋ, ರಕ್ತದಲ್ಲಿ ಸೋಡಿಯಂ ಇಳಿದದ್ದೋ, ಹೊಸ ಮಾತ್ರೆಯೋ ಇರಬಹುದು. ವಯಸ್ಸಾದವರಲ್ಲಿ ನ್ಯುಮೋನಿಯಾ ಇದ್ದೂ ಜ್ವರ ಬಾರದೇ ಇರುವುದುಂಟು. ಹೀಗಾದಾಗ ಕೂಗಾಡುವವರನ್ನು ಮನೆಯವರು ಹೇಗೂ ಕರೆತರುತ್ತಾರೆ. ತೂಕಡಿಸುತ್ತಾ ಮಲಗಿದವರೇ ತಡವಾಗಿ ಬರೋದು.

ಬರುವಾಗ ಚೀಟಿ ಮಾತ್ರ ಅಲ್ಲ, ಡಬ್ಬಿಯನ್ನೇ ತನ್ನಿ. ಚೂರ್ಣ, ಕಷಾಯ, ಎಲ್ಲವೂ ಬೇಕು. ಆ ಅಜ್ಜಿಯ ಡಬ್ಬಿಯ ತಳದಲ್ಲಿ ಪಕ್ಕದ ಮನೆಯವರು ಕೊಟ್ಟ ನೋವಿನ ಮಾತ್ರೆಯೂ ಇತ್ತು. ಮಗನಿಗೆ ಅದು ಗೊತ್ತೇ ಇರಲಿಲ್ಲ.